ಕಾರ್ನರ್ ವೇಟ್: ಆರ್‌ಸಿ ಟ್ರಕ್ಕಿನ ತೂಕ ಯಾವ ಚಕ್ರದ ಮೇಲೆ ಎಷ್ಟು?

ಆರ್‌ಸಿ ಟ್ರಕ್ಕನ್ನು, ಅಂದರೆ ರಿಮೋಟಿನಿಂದ ಓಡಿಸುವ ಆಟದ ಟ್ರಕ್ಕನ್ನು, ತಕ್ಕಡಿ ಮೇಲೆ ಇಟ್ಟರೆ ಒಂದು ಸಂಖ್ಯೆ ಸಿಗುತ್ತದೆ. ಅದು ಒಟ್ಟು ತೂಕ. ಓಡಿಸುವವರಿಗೆ ಅದಕ್ಕಿಂತ ಜಾಸ್ತಿ ಬೇಕಾಗಿರುವುದು ಬೇರೆ: ಆ ತೂಕದಲ್ಲಿ ಯಾವ ಚಕ್ರದ ಪಾಲು ಎಷ್ಟು? ಒಂದೊಂದು ಚಕ್ರ ನೆಲವನ್ನು ಒತ್ತುವ ಈ ಪಾಲನ್ನೇ ಕಾರ್ನರ್ ವೇಟ್ ಎನ್ನುತ್ತಾರೆ. ದೊಡ್ಡ ರೇಸ್ ಕಾರುಗಳಲ್ಲೂ ಇದೇ ಮಾತು, ಇದೇ ಲೆಕ್ಕ.

ಇದು ಹದ ತಪ್ಪಿದರೆ ಗೊತ್ತಾಗುವುದು ಓಡಿಸುವಾಗ. ಟ್ರಕ್ ಎಡಕ್ಕೆ ಚೆನ್ನಾಗಿ ತಿರುಗುತ್ತದೆ, ಬಲಕ್ಕೆ ತಿರುಗಿಸಿದರೆ ದೂರ ಸರಿದುಕೊಂಡು ಹೋಗುತ್ತದೆ. ಅಥವಾ ಥ್ರಾಟಲ್ ಒತ್ತಿದ ಕೂಡಲೇ ಒಂದು ಕಡೆಗೆ ಎಳೆಯುತ್ತದೆ. ಸ್ಟಿಯರಿಂಗ್ ಟ್ರಿಮ್ (ಚಕ್ರ ನೇರ ನಿಲ್ಲುವಂತೆ ಹೊಂದಿಸಲು ರಿಮೋಟಿನಲ್ಲಿರುವ ಗುಂಡಿ) ಎಷ್ಟು ತಿರುಗಿಸಿದರೂ ಇದು ಪೂರ್ತಿ ಹೋಗುವುದಿಲ್ಲ, ಯಾಕೆಂದರೆ ತೊಂದರೆ ಸ್ಟಿಯರಿಂಗಿನಲ್ಲಿ ಇಲ್ಲವೇ ಇಲ್ಲ.

ಅಳೆಯಲು ವಿಶೇಷ ಸಾಮಾನು ಬೇಡ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ನಾಲ್ಕು ಇದ್ದರೆ ಕೆಲಸ ಬೇಗ, ಒಂದೇ ಇದ್ದರೂ ನಡೆಯುತ್ತದೆ. ಒಂದು ಚಕ್ರ ತಕ್ಕಡಿ ಮೇಲೆ, ಉಳಿದ ಮೂರು ಚಕ್ರಗಳ ಕೆಳಗೆ ತಕ್ಕಡಿಯಷ್ಟೇ ಎತ್ತರದ ಮರದ ತುಂಡು ಅಥವಾ ಪುಸ್ತಕ. ಹೀಗೆ ಒಂದೊಂದೇ ಚಕ್ರ ಬದಲಾಯಿಸುತ್ತಾ ಬರೆದುಕೊಳ್ಳಿ. ಎತ್ತರದಲ್ಲಿ ಮಾತ್ರ ಉದಾಸೀನ ಬೇಡ. ಒಂದು ಮೂಲೆ ಒಂದೆರಡು ಮಿಲಿಮೀಟರ್ ಮೇಲಿದ್ದರೂ ಸಂಖ್ಯೆ ಸುಳ್ಳು ಹೇಳುತ್ತದೆ. ಕೆಳಗಿನ ಮೇಜು ಕೂಡ ಮಟ್ಟವಾಗಿರಬೇಕು.

ಟ್ರಕ್ ಓಡುವ ಸ್ಥಿತಿಯಲ್ಲೇ ಇರಲಿ. ಬ್ಯಾಟರಿ ಜಾಗದಲ್ಲಿ, ಬಾಡಿ ಮೇಲೆ, ಮುಂದಿನ ಚಕ್ರ ನೇರ. ಇಡುವ ಮುಂಚೆ ಸಸ್ಪೆನ್ಷನ್ ಅನ್ನು ನಾಲ್ಕೈದು ಸಲ ಒತ್ತಿ ಬಿಡಿ, ಸ್ವಲ್ಪ ಹಿಂದೆ ಮುಂದೆ ಉರುಳಿಸಿ. ಟೈರಿನ ರಬ್ಬರ್ ಅಡ್ಡಡ್ಡ ಹಿಡಿದುಕೊಂಡರೆ ಸಸ್ಪೆನ್ಷನ್ ತನ್ನ ಜಾಗಕ್ಕೆ ಕೂರುವುದಿಲ್ಲ. ಸ್ವೇ ಬಾರ್ (ಎಡ-ಬಲ ಸಸ್ಪೆನ್ಷನ್ ಜೋಡಿಸುವ, ಟ್ರಕ್ ವಾಲದಂತೆ ತಡೆಯುವ ಕಂಬಿ) ಇದ್ದರೆ ಅದರ ಒಂದು ಕೊಂಡಿ ಬಿಚ್ಚಿಡಿ. ಸೊಟ್ಟಗಾದ ಸ್ವೇ ಬಾರ್ ಒಂದೇ ಸಾಕು, ಇಡೀ ಲೆಕ್ಕ ಕೆಡಿಸಲು. ಶಾಕ್ (ಚಕ್ರದ ಕುಲುಕಾಟ ತಡೆಯುವ, ಸ್ಪ್ರಿಂಗ್ ಸುತ್ತಿದ ಕೊಳವೆ) ಎಲ್ಲಾದರೂ ಸಿಕ್ಕಿಕೊಳ್ಳುತ್ತಿದೆಯಾ ಅಂತಲೂ ನೋಡಿ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಮುಂದಿನ ಎಡ 620 ಗ್ರಾಂ, ಮುಂದಿನ ಬಲ 560, ಹಿಂದಿನ ಎಡ 590, ಹಿಂದಿನ ಬಲ 630. ಒಟ್ಟು 2400 ಗ್ರಾಂ. ಎಡಗಡೆ ಎರಡು ಸೇರಿ 1210, ಬಲಗಡೆ 1190. ಮುಂದೆ 1180, ಹಿಂದೆ 1220. ಪರವಾಗಿಲ್ಲ ಅನ್ನಿಸುತ್ತದೆ, ಅಲ್ವಾ? ಈಗ ಮೂಲೆಯಿಂದ ಮೂಲೆಗೆ ಕೂಡಿ. ಮುಂದಿನ ಎಡ ಮತ್ತು ಹಿಂದಿನ ಬಲ ಸೇರಿ 1250. ಇನ್ನೊಂದು ಜೋಡಿ 1150. ನೂರು ಗ್ರಾಂ ವ್ಯತ್ಯಾಸ! ಈ ಕರ್ಣದ ಲೆಕ್ಕಕ್ಕೆ ಕ್ರಾಸ್ ವೇಟ್ ಎಂದು ಹೆಸರು. ಕರ್ಣ ಸಮ ಇಲ್ಲದ ಟ್ರಕ್ಕಿಗೆ ಟ್ವೀಕ್ ಇದೆ ಎನ್ನುತ್ತಾರೆ.

ತುಂಬಾ ಜನ ಗೊಂದಲ ಮಾಡಿಕೊಳ್ಳುವುದು ಇಲ್ಲೇ. ಎಡ-ಬಲದ ಮೊತ್ತ ಮತ್ತು ಮುಂದೆ-ಹಿಂದೆಯ ಮೊತ್ತ, ಇವೆರಡನ್ನೂ ತೀರ್ಮಾನಿಸುವುದು ಸಾಮಾನು ಇರುವ ಜಾಗ. ಬ್ಯಾಟರಿ, ಮೋಟರ್, ಇಎಸ್‌ಸಿ (ಮೋಟರಿನ ವೇಗ ನಿಯಂತ್ರಿಸುವ ಸಾಧನ), ಸರ್ವೋ (ಸ್ಟಿಯರಿಂಗ್ ತಿರುಗಿಸುವ ಪುಟ್ಟ ಮೋಟರ್) ಎಲ್ಲಿವೆ ಅನ್ನುವುದಷ್ಟೇ. ಸ್ಪ್ರಿಂಗ್ ಎಷ್ಟು ಬಿಗಿ ಮಾಡಿದರೂ ಎಡಗಡೆಯ ಮೊತ್ತ ಬಲಗಡೆಗೆ ಹೋಗುವುದಿಲ್ಲ. ಸ್ಪ್ರಿಂಗಿನಿಂದ ಬದಲಾಗುವುದು ಕರ್ಣ ಮಾತ್ರ. ನಾಲ್ಕು ಕಾಲಿನ ಸ್ಟೂಲಿನ ಒಂದು ಕಾಲಿನ ಕೆಳಗೆ ಮಡಚಿದ ಕಾಗದ ಇಟ್ಟ ಹಾಗೆ ಇದು: ಆ ಕಾಲಿಗೂ ಅದರ ಎದುರು ಮೂಲೆಯ ಕಾಲಿಗೂ ಭಾರ ಏರುತ್ತದೆ, ಉಳಿದೆರಡಕ್ಕೆ ಇಳಿಯುತ್ತದೆ. ಹಾಗಾಗಿ ಎಡಗಡೆ ಭಾರ ಜಾಸ್ತಿ ಇದೆ ಅಂತ ಎಡಗಡೆಯ ಶಾಕ್ ಬಿಗಿ ಮಾಡುವುದು ವ್ಯರ್ಥ. ಚಾಸಿ (ಟ್ರಕ್ಕಿನ ತಳದ ಚೌಕಟ್ಟು) ನೋಡಲು ಮಟ್ಟವಾಗಬಹುದು, ತೂಕ ಇದ್ದಲ್ಲೇ ಇರುತ್ತದೆ.

ಕೆಲಸದ ಕ್ರಮವೂ ಇದರಿಂದಲೇ ಬರುತ್ತದೆ. ಮೊದಲು ಸಾಮಾನು ಸರಿಸಿ, ಆಮೇಲೆ ಸ್ಪ್ರಿಂಗ್ ಮುಟ್ಟಿ. 300 ಗ್ರಾಂ ಬ್ಯಾಟರಿಯನ್ನು 10 ಮಿ.ಮೀ. ಅಡ್ಡಕ್ಕೆ ಸರಿಸಿದಿರಿ ಅನ್ನಿ. ಎಡ-ಬಲ ಟೈರುಗಳ ನಡುವೆ 250 ಮಿ.ಮೀ. ಇದ್ದರೆ, 300 ಅನ್ನು 10ರಿಂದ ಗುಣಿಸಿ 250ರಿಂದ ಭಾಗಿಸಿ. 12 ಗ್ರಾಂ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುತ್ತದೆ, ವ್ಯತ್ಯಾಸ 24 ಗ್ರಾಂ ಬದಲಾಗುತ್ತದೆ. ಸೀಸದ ಅಂಟುಪಟ್ಟಿ ಹಚ್ಚಿ ಟ್ರಕ್ಕನ್ನು ಭಾರ ಮಾಡುವ ಮುಂಚೆ ಈ ಲೆಕ್ಕ ಹಾಕಿ ನೋಡುವುದು ಒಳ್ಳೆಯದು. ಎಷ್ಟೋ ಸಲ ಬ್ಯಾಟರಿಯ ಪಕ್ಕ ಒಂದು ಫೋಮ್ ತುಂಡು ಸಿಕ್ಕಿಸಿದರೆ ಸಾಕಾಗುತ್ತದೆ.

ಆಮೇಲೆ ಕರ್ಣ. ನಮ್ಮ ಉದಾಹರಣೆಯಲ್ಲಿ ಮುಂದಿನ ಬಲ ಮತ್ತು ಹಿಂದಿನ ಎಡ ಶಾಕ್‌ಗಳ ಕಾಲರ್ (ಸ್ಪ್ರಿಂಗ್ ಬಿಗಿ ಮಾಡುವ ಬಳೆ) ಸ್ವಲ್ಪ ಬಿಗಿ ಮಾಡಬೇಕು, ಉಳಿದೆರಡನ್ನು ಅಷ್ಟೇ ಸಡಿಲಿಸಬೇಕು. ಒಂದನ್ನೇ ತಿರುಗಿಸಿದರೂ ಸಂಖ್ಯೆ ಸರಿಹೋಗುತ್ತದೆ, ಆದರೆ ಆ ಮೂಲೆ ಎತ್ತರವಾಗಿ ಕೂರುತ್ತದೆ. ಎಡ-ಬಲ ಚಕ್ರಗಳ ನಡುವಿನ ಅಂತರ ಮುಂದೆಯೂ ಹಿಂದೆಯೂ ಒಂದೇ ಇದ್ದರೆ ನಾಲ್ಕೂ ಕಡೆ 25 ಗ್ರಾಂ ಬದಲಾದಾಗ ಎರಡೂ ಕರ್ಣ 1200ಕ್ಕೆ ಬರುತ್ತವೆ. ಸ್ಪ್ರಿಂಗ್ ತುಂಬಾ ಬಿಗಿ ಮಾಡಿದ ಮೇಲಷ್ಟೇ ಸಮ ಬರುತ್ತಿದ್ದರೆ ಅನುಮಾನ ಪಡಿ. ಚಾಸಿ ತಿರುಚಿಕೊಂಡಿರಬಹುದು, ಇಲ್ಲವೇ ಶಾಕ್ ಶಾಫ್ಟ್ ಬಗ್ಗಿರಬಹುದು.

ನಾಲ್ಕು ಸಂಖ್ಯೆಗಳು ಹೇಳದ ಒಂದು ಸಂಗತಿ ಇದೆ: ತೂಕ ಎಷ್ಟು ಎತ್ತರದಲ್ಲಿದೆ ಎಂಬುದು. ಅದಕ್ಕೆ ಟ್ರಕ್ಕನ್ನು ಹಲಗೆಯ ಮೇಲೆ ಅಡ್ಡಡ್ಡ ನಿಲ್ಲಿಸಿ, ಕೆಳಗಿನ ಟೈರುಗಳು ಜಾರದಂತೆ ತೆಳ್ಳಗಿನ ಪಟ್ಟಿ ಕೊಟ್ಟು, ಹಲಗೆಯನ್ನು ನಿಧಾನ ಎತ್ತಬೇಕು. ಮೇಲಿನ ಚಕ್ರಗಳು ಬಿಡುವ ಕೋನ 45 ಡಿಗ್ರಿ ಆಗಿದ್ದರೆ, ತೂಕದ ಕೇಂದ್ರ ಟ್ರಕ್ಕಿನ ಅರ್ಧ ಅಗಲದಷ್ಟು ಎತ್ತರದಲ್ಲಿದೆ. ಕೋನ ಜಾಸ್ತಿ ಆದಷ್ಟೂ ಕೇಂದ್ರ ಕೆಳಗಿದೆ ಎಂದರ್ಥ. ಸಸ್ಪೆನ್ಷನ್ ಕುಗ್ಗುವುದರಿಂದ ಇದು ಪಕ್ಕಾ ಅಳತೆ ಅಲ್ಲ. ಬದಲಾವಣೆಗೆ ಮುಂಚೆ ಮತ್ತು ನಂತರ ಹೋಲಿಸಲು ಸಾಕು.

ಎಡ-ಬಲ ಸಮ ಇರಬೇಕು ಅನ್ನುವುದರಲ್ಲಿ ಎರಡು ಮಾತಿಲ್ಲ. ಮುಂದೆ-ಹಿಂದೆ ಹಾಗಲ್ಲ. ಕಲ್ಲು ಹತ್ತುವ ಕ್ರಾಲರ್‌ಗೆ ಮುಂದೆ ಭಾರ ಬೇಕು, ಯಾಕೆಂದರೆ ಏರಿನಲ್ಲಿ ತೂಕ ತಾನಾಗಿ ಹಿಂದಿನ ಚಕ್ರಕ್ಕೆ ಜಾರುತ್ತದೆ. ಹಿಂದಿನ ಚಕ್ರ ಮಾತ್ರ ಓಡುವ ಟ್ರಕ್ಕಿಗೆ ಹಿಡಿತಕ್ಕಾಗಿ ಹಿಂದೆ ಜಾಸ್ತಿ ಇದ್ದರೆ ಒಳ್ಳೆಯದು. ಜಿಗಿಯುವ ಟ್ರಕ್ಕಿನ ಮಾತು ಸ್ವಲ್ಪ ಬೇರೆ. ಗಾಳಿಯಲ್ಲಿ ಮೂತಿ ಕೆಳಗಾದರೆ ಮುಂದೆ ಭಾರ ಜಾಸ್ತಿ ಅಂತ ತಕ್ಷಣ ಬ್ಯಾಟರಿ ಸರಿಸುವವರಿದ್ದಾರೆ. ಜಿಗಿದ ಮೇಲೆ ಬ್ರೇಕ್ ಒತ್ತಿದರೂ ಮೂತಿ ಇಳಿಯುತ್ತದೆ, ಥ್ರಾಟಲ್ ಕೊಟ್ಟರೆ ಏಳುತ್ತದೆ. ತಿರುಗುವ ಚಕ್ರಗಳ ವೇಗ ಬದಲಾದಾಗ ಬಾಡಿ ಅದಕ್ಕೆ ವಿರುದ್ಧ ತಿರುಗುತ್ತದೆ, ಅಷ್ಟೇ. ಹಾಗಾಗಿ ಒಂದೇ ಥ್ರಾಟಲ್ ಹಿಡಿದು ಕೆಲವು ಸಲ ಜಿಗಿಸಿ ನೋಡಿ. ಆಗಲೂ ಮೂತಿ ಇಳಿದರೆ ತಕ್ಕಡಿ ಹೊರಗೆ ತೆಗೆಯಿರಿ.