ಸಂತರು ಸತ್ತ ದಿನ ಹಬ್ಬ ಯಾಕೆ, ಹುಟ್ಟಿದ ದಿನ ಯಾಕಲ್ಲ?

ಪ್ರಶ್ನೆ: ನಾವು ಶಿರಸಿ ಕಡೆಯವರು, ಕೆಲಸಕ್ಕೆ ಕುಮಟಾದಲ್ಲಿದ್ದೇವೆ. ಪಕ್ಕದ ಮನೆಯವರು ಪ್ರತಿ ವರ್ಷ ಡಿಸೆಂಬರ್ 3ಕ್ಕೆ ಚಂದಾವರದ ಇಗರ್ಜಿಗೆ ಹೋಗುತ್ತಾರೆ. ಹೊಸ ಬಟ್ಟೆ, ನೆಂಟರು, ಊಟ ಎಲ್ಲ ಜೋರು. ಆದರೆ ಅದು ಸಂತ ಫ್ರಾನ್ಸಿಸ್ ಕ್ಸೇವಿಯರ್ ತೀರಿಕೊಂಡ ದಿನವಂತೆ! ಸತ್ತ ದಿನ ಯಾರಾದರೂ ಹಬ್ಬ ಮಾಡುತ್ತಾರಾ? ಹುಟ್ಟಿದ ದಿನ ಮಾಡಬಹುದಲ್ವಾ?

ಉತ್ತರ: ಹತ್ತು ವರ್ಷದವನಿದ್ದಾಗ ನಾನೂ ಇಂಥದ್ದೇ ಒಂದು ಪ್ರಶ್ನೆ ಕೇಳಿದ್ದೆ. ಜೂನ್ 13, ಸಂತ ಅಂತೋಣಿಯ ಫೆಸ್ತ್, ಅಂದರೆ ಹಬ್ಬ. ಹೊರಗೆ ಧೋ ಎಂದು ಮಳೆ. "ಅಂತೋಣಿಗೆ ಎಷ್ಟು ವರ್ಷ ತುಂಬ್ತು? ಕೇಕ್ ಎಲ್ಲಿ?" ಅಂತ ಅಜ್ಜಿಯ ಬೆನ್ನು ಹತ್ತಿದ್ದೆ. ಅಜ್ಜಿ ನಕ್ಕು ಸುಮ್ಮನಾದಳು. ಅವಳಿಗೂ ಗೊತ್ತಿತ್ತೋ ಇಲ್ಲವೋ. ಅಂತೋಣಿ ಇಟಲಿಯ ಪದುವಾ ಊರಿನ ಹತ್ತಿರ ತೀರಿಕೊಂಡದ್ದು 1231ರ ಜೂನ್ 13ಕ್ಕೆ. ನಾನು ಕೇಕ್ ಕೇಳಿದ್ದು ಅವರ ತಿಥಿಯ ದಿನ!

ನೇರ ಉತ್ತರ ಹೇಳಿಬಿಡುತ್ತೇನೆ. ಸಂತರು ಸತ್ತ ದಿನವನ್ನೇ ಚರ್ಚು ಅವರ ಹುಟ್ಟುಹಬ್ಬ ಎಂದು ಎಣಿಸುತ್ತದೆ. ಲ್ಯಾಟಿನ್ನಿನಲ್ಲಿ ಆ ದಿನಕ್ಕೆ ಇರುವ ಹೆಸರೇ 'ದಿಯೆಸ್ ನತಾಲಿಸ್', ಅಂದರೆ ಹುಟ್ಟಿದ ದಿನ. ಭೂಮಿಯ ಮೇಲಿನ ಹುಟ್ಟಲ್ಲ, ಸ್ವರ್ಗದಲ್ಲಿ ಹುಟ್ಟಿದ ದಿನ. ಹುಟ್ಟಿದ ತಾರೀಕು ಗೊತ್ತಿಲ್ಲದ್ದಕ್ಕೆ ಹೀಗೆ ಮಾಡಿದರು ಅಂದುಕೊಳ್ಳಬೇಡಿ. ಕ್ಸೇವಿಯರ್ ಹುಟ್ಟಿದ್ದು 1506ರ ಏಪ್ರಿಲ್ 7 ಅಂತ ಚೆನ್ನಾಗಿಯೇ ಗೊತ್ತಿದೆ. ಆದರೆ ಏಪ್ರಿಲ್ 7ಕ್ಕೆ ಚಂದಾವರಕ್ಕೆ ಹೋಗಿ ನೋಡಿ, ಯಾವ ಗದ್ದಲವೂ ಇರುವುದಿಲ್ಲ. ಅವರು ಚೀನಾದ ಒಳಗೆ ಹೋಗಲು ಕಾಯುತ್ತಾ ಶಾಂಗ್‌ಚುವಾನ್ ಎಂಬ ದ್ವೀಪದಲ್ಲಿ ಜ್ವರ ಬಂದು ತೀರಿಕೊಂಡದ್ದು 1552ರ ಡಿಸೆಂಬರ್ 3ಕ್ಕೆ. ಫೆಸ್ತ್ ಆವತ್ತೇ.

ಶಿರಸಿಯವರಾದ ನಿಮಗೆ ಇದು ವಿಚಿತ್ರ ಅನ್ನಿಸಿದ್ದೇ ನನಗೆ ವಿಚಿತ್ರ. ನಿಮ್ಮೂರಿನ ಪಕ್ಕದಲ್ಲೇ ಸೋಂದಾ ಇದೆ. ವಾದಿರಾಜರ ಆರಾಧನೆಗೆ ಜನ ಸೇರುವುದು ಯಾವಾಗ? ಫಾಲ್ಗುಣ ಬಹುಳ ತದಿಗೆ, ಅವರು ಬೃಂದಾವನ ಪ್ರವೇಶಿಸಿದ ದಿನ. ಆವತ್ತು ಯಾರೂ ಅಳುವುದಿಲ್ಲ. ರಥ ಎಳೆಯುತ್ತಾರೆ, ಊಟ ಹಾಕುತ್ತಾರೆ. ಕರಾವಳಿಯ ದರ್ಗಾಗಳಲ್ಲಿ ಉರುಸ್ ನಡೆಯುತ್ತದಲ್ಲ, ಅದೂ ಸಂತ ತೀರಿಕೊಂಡ ದಿನದ್ದೇ. ಆ ಅರಬ್ಬಿ ಪದದ ಅರ್ಥ ಮದುವೆ! ಮೂರೂ ಕಡೆ ನಂಬಿಕೆಯ ಒಳಗಿನ ಲೆಕ್ಕ ಬೇರೆ ಬೇರೆ, ಒಂದಕ್ಕೊಂದು ಬೆರೆಸಬಾರದು. ಆದರೆ ದೊಡ್ಡವರು ಹೋದ ದಿನವನ್ನು ಸೂತಕದ ಹಾಗೆ ನೋಡದೆ ಸಂಭ್ರಮದ ಹಾಗೆ ನೋಡುವುದು ನಮ್ಮ ಜಿಲ್ಲೆಗೆ ಹೊಸದೇನೂ ಅಲ್ಲ.

ಈ ಪದ್ಧತಿ ಬಹಳ ಹಳೆಯದು. ಎರಡನೇ ಶತಮಾನದಲ್ಲಿ ಸ್ಮಿರ್ನಾ ಎಂಬ ಊರಿನ (ಈಗಿನ ಟರ್ಕಿಯ ಇಜ್ಮಿರ್) ಬಿಷಪ್ ಪೊಲಿಕಾರ್ಪ್ ಅವರನ್ನು ರೋಮನ್ ಅಧಿಕಾರಿಗಳು ಕೊಲ್ಲಿಸಿದರು. ಆಗ ಅವರು ಹಣ್ಣುಹಣ್ಣು ಮುದುಕ. ಊರಿನ ಕ್ರೈಸ್ತರು ಮೂಳೆಗಳನ್ನು ಆರಿಸಿ ತಂದು ಇಟ್ಟರು. ಪ್ರತಿ ವರ್ಷ ಅಲ್ಲಿ ಸೇರಿ ಅವರ ಬಲಿದಾನದ 'ಹುಟ್ಟುಹಬ್ಬ'ವನ್ನು ಸಂತೋಷದಿಂದ ಆಚರಿಸುತ್ತೇವೆ ಎಂದು ಬೇರೆ ಊರಿನವರಿಗೆ ಕಾಗದ ಬರೆದರು. ಆ ಕಾಗದ ಇವತ್ತಿಗೂ ಉಳಿದಿದೆ. ಮುಂದೆ ರೋಮಿನಲ್ಲಿ ಇಂಥ ದಿನಗಳ ಪಟ್ಟಿಯೇ ತಯಾರಾಯಿತು. ಕ್ರಿ.ಶ. 354ರ ಒಂದು ಪಂಚಾಂಗದಲ್ಲಿ ಯಾವ ಹುತಾತ್ಮರ ಸಮಾಧಿಗೆ ಯಾವ ದಿನ ಸೇರಬೇಕು ಅಂತ ಬರೆದಿದೆ. ಸಂತರ ಹಬ್ಬಗಳ ಇಡೀ ಕ್ಯಾಲೆಂಡರು ಬೆಳೆದದ್ದು ಇಂಥ ಸಮಾಧಿಗಳ ಸುತ್ತ.

ಇನ್ನೊಂದು ಮಾತು. ಆಗಿನ ಕ್ರೈಸ್ತರಿಗೆ ಹುಟ್ಟುಹಬ್ಬ ಅಂದರೆ ಅಷ್ಟಕ್ಕಷ್ಟೆ. ಬೈಬಲಿನಲ್ಲಿ ಹುಟ್ಟುಹಬ್ಬದ ಪಾರ್ಟಿ ಕೊಟ್ಟವರು ಯಾರು ನೋಡಿ. ಒಬ್ಬ ಈಜಿಪ್ಟಿನ ಫೇರೋ. ಆವತ್ತು ಅವನ ಅಡಿಗೆಯವನೊಬ್ಬನನ್ನು ನೇಣಿಗೆ ಹಾಕಿದರು. ಇನ್ನೊಬ್ಬ ಹೆರೋದ ರಾಜ; ಆವತ್ತು ಯೇಸುವಿಗೆ ದೀಕ್ಷಾಸ್ನಾನ ಮಾಡಿಸಿದ ಸ್ನಾನಿಕ ಯೋವಾನ್ನರ ತಲೆ ಹೋಯಿತು. ಇಂಥ ಹುಟ್ಟುಹಬ್ಬ ಯಾರಿಗೆ ಬೇಕು ಹೇಳಿ!

ಸರಿ, ಆವತ್ತಿನದು ದುಃಖವೋ ಸಂತೋಷವೋ ತಿಳಿಯುವುದು ಹೇಗೆ? ಪಾದ್ರಿಗಳ ಮೇಲುಡುಪಿನ ಬಣ್ಣ ನೋಡಿ, ಸಾಕು. ಕ್ಸೇವಿಯರ್ ಹಬ್ಬಕ್ಕೆ ಬಿಳಿ. ಜನವರಿ 20ರ ಸಂತ ಸೆಬಾಸ್ಟಿಯನ್ ಹಬ್ಬಕ್ಕೆ ಕೆಂಪು, ಯಾಕೆಂದರೆ ಅವರು ರಕ್ತ ಸುರಿಸಿ ಸತ್ತವರು. ಸತ್ತವರಿಗಾಗಿ ಮಾಡುವ ಪೂಜೆಗೆ ಹೆಚ್ಚಾಗಿ ನೇರಳೆ. ಆ ಬಣ್ಣ ಸಂತರ ಹಬ್ಬದಲ್ಲಿ ಕಾಣುವುದಿಲ್ಲ.

ಇಲ್ಲೇ ಶ್ರಾದ್ಧಕ್ಕೂ ಫೆಸ್ತಿಗೂ ಇರುವ ವ್ಯತ್ಯಾಸ. ನಮ್ಮ ಮನೆಯ ಹಿರಿಯರಿಗಾಗಿ ನಾವು ದೇವರ ಹತ್ತಿರ ಬೇಡುತ್ತೇವೆ. ಅದಕ್ಕೆ ನವೆಂಬರ್ 2 ಎಂಬ ಬೇರೆ ದಿನವೇ ಇದೆ. ಆವತ್ತು ಗೋರಿಗಳಿಗೆ ಹೂವು, ಮೇಣದಬತ್ತಿ. ಸಂತರ ವಿಷಯ ತಿರುಗಾಮುರುಗಾ. ಅವರು ಆಗಲೇ ದೇವರ ಹತ್ತಿರ ಇದ್ದಾರೆ ಅಂತ ಚರ್ಚು ಹೇಳಿಯಾಗಿದೆ. ಹಾಗಾಗಿ ಅವರಿಗಾಗಿ ಬೇಡುವುದಿಲ್ಲ, ನಮಗಾಗಿ ಬೇಡಿ ಅಂತ ಅವರನ್ನೇ ಕೇಳುತ್ತೇವೆ. ಲದಿನ್ ನಡೆಯುವಾಗ ನಿಂತು ಕೇಳಿ. ಒಬ್ಬರು ಸಂತರ ಹೆಸರು ಹೇಳುತ್ತಾ ಹೋಗುತ್ತಾರೆ, ಉಳಿದವರು ಪ್ರತಿ ಹೆಸರಿಗೂ 'ನಮಗಾಗಿ ಪ್ರಾರ್ಥಿಸಿರಿ' ಅನ್ನುತ್ತಾರೆ. 'ನಮ್ಮನ್ನು ಕಾಪಾಡು ದೇವರೇ' ಅಂತ ಸಂತರಿಗೆ ಹೇಳುವುದಿಲ್ಲ. 'ಪೂಜೆ' ಎಂಬ ಪದ ಮಾತ್ರ ಕನ್ನಡದಲ್ಲಿ ಸ್ವಲ್ಪ ಗೊಂದಲ ಮಾಡುತ್ತದೆ. ಫೆಸ್ತಿನ ಪೂಜೆ ಸಲ್ಲುವುದು ದೇವರಿಗೆ, ಸಂತರ ನೆನಪಿನಲ್ಲಿ.

ತಾರೀಕಿನ ಲೆಕ್ಕದಲ್ಲಿ ನನಗೆ ತುಂಬ ಇಷ್ಟವಾದದ್ದು ನಮ್ಮ ಕಾರವಾರದ ಎದುರಿಗೇ ಇದೆ. ಅಂಜದೀವ ದ್ವೀಪ ನೋಡಿದ್ದೀರಲ್ಲ? ಆಡಳಿತದ ಲೆಕ್ಕದಲ್ಲಿ ಗೋವಾದ್ದು, ಕಣ್ಣಿಗೆ ಕಾಣುವುದು ನಮಗೆ. ಪೋರ್ಚುಗೀಸರ ಕಾಲದ ಇಗರ್ಜಿ ಅಲ್ಲಿದೆ. ಅಲ್ಲಿ ಎರಡು ಫೆಸ್ತ್ ನಡೆಯುತ್ತಿದ್ದವು. ಫೆಬ್ರವರಿ 2ಕ್ಕೆ ಮಾತೆ ಮರಿಯಮ್ಮನದು, ಅಕ್ಟೋಬರ್ 4ಕ್ಕೆ ಅಸ್ಸಿಸಿಯ ಸಂತ ಫ್ರಾನ್ಸಿಸರದು. ಈಗ ದ್ವೀಪ ನೌಕಾನೆಲೆಯೊಳಗೆ ಸೇರಿದೆ, ಮೊದಲಿನ ಹಾಗೆ ದೋಣಿ ಹತ್ತಿ ಹೋಗುವ ಹಾಗಿಲ್ಲ. ಇರಲಿ, ನಾನು ಹೇಳಬೇಕೆಂದದ್ದು ಅಕ್ಟೋಬರ್ 4ರ ಬಗ್ಗೆ. ಫ್ರಾನ್ಸಿಸ್ ತೀರಿಕೊಂಡದ್ದು 1226ರ ಅಕ್ಟೋಬರ್ 3ಕ್ಕೆ. ಹಾಗಾದರೆ ಹಬ್ಬ ಒಂದು ದಿನ ತಡ ಯಾಕೆ? ಅವರು ಹೋದದ್ದು ಸೂರ್ಯ ಮುಳುಗಿದ ಮೇಲೆ. ಆಗಿನ ಲೆಕ್ಕದಲ್ಲಿ ಸಂಜೆಯಾದರೆ ಮರುದಿನ ಶುರು. ದೊಡ್ಡ ಹಬ್ಬಗಳ ಹಿಂದಿನ ಸಂಜೆಯೇ ವೆಸ್ಪರ ಪ್ರಾರ್ಥನೆ ಮಾಡಿ ಹಬ್ಬಕ್ಕೆ ಕಾಲಿಡುವ ಪದ್ಧತಿಯ ಬೇರೂ ಅಲ್ಲೇ ಇದೆ.

ಹುಟ್ಟಿದ ದಿನ ಹಬ್ಬ ಇಲ್ಲವೇ ಇಲ್ಲವಾ? ಇದೆ, ಮೂವರಿಗೆ ಮಾತ್ರ. ಯೇಸುವಿಗೆ ಡಿಸೆಂಬರ್ 25, ಮರಿಯಮ್ಮನಿಗೆ ಸೆಪ್ಟೆಂಬರ್ 8, ಸ್ನಾನಿಕ ಯೋವಾನ್ನರಿಗೆ ಜೂನ್ 24. ಸೆಪ್ಟೆಂಬರ್ 8 ಅಂದರೆ ನಮ್ಮ ಮೊಂತಿ ಫೆಸ್ತ್. ಒಂಬತ್ತು ದಿನ ಮಕ್ಕಳು ಹೂವು ತಂದು ಮರಿಯಮ್ಮನಿಗೆ ಹಾಕುತ್ತಾರೆ. ಕಡೆಯ ದಿನ ಹೊಸ ಭತ್ತದ ತೆನೆಗೆ ಆಶೀರ್ವಾದ, ಮನೆಯಲ್ಲಿ ಹೊಸ ಅಕ್ಕಿಯ ಊಟ. ಘಟ್ಟದ ಮೇಲೆ ನೀವು ಹೊಸ್ತು ಮಾಡುತ್ತೀರಲ್ಲ, ಅದೇ ಹೊತ್ತು, ಅದೇ ಗದ್ದೆ. ಯೋವಾನ್ನರ ಹುಟ್ಟುಹಬ್ಬ ನೋಡಬೇಕಾದರೆ ಮಾಜಾಳಿ ಗಡಿ ದಾಟಿ ಗೋವಾಕ್ಕೆ ಹೋಗಬೇಕು. ಹುಡುಗರು ತಲೆಗೆ ಎಲೆ-ಹೂವಿನ ಕಿರೀಟ ಹಾಕಿ, ಮಳೆಗೆ ತುಂಬಿದ ಬಾವಿಗೆ ಧುಮುಕುತ್ತಾರೆ. ತಾಯಿಯ ಹೊಟ್ಟೆಯಲ್ಲಿದ್ದಾಗಲೇ ಯೋವಾನ್ನ ಕುಣಿದಾಡಿದನಂತೆ, ಅದರ ನೆನಪು. ಅವರ ತಲೆ ಕಡಿದ ದಿನಕ್ಕೂ ಬೇರೆ ಹಬ್ಬ ಇದೆ, ಆಗಸ್ಟ್ 29. ಅದು ಸದ್ದಿಲ್ಲದೆ ಮುಗಿಯುತ್ತದೆ.

ಎಲ್ಲ ತಾರೀಕೂ ಸತ್ತ ದಿನಕ್ಕೇ ಅಂಟಿಕೊಂಡಿಲ್ಲ ಅನ್ನುವುದನ್ನೂ ಹೇಳಬೇಕು. ಪೋಪ್ ಎರಡನೇ ಜಾನ್ ಪಾಲ್ ತೀರಿಕೊಂಡದ್ದು 2005ರ ಏಪ್ರಿಲ್ 2ಕ್ಕೆ. ಅದು ಎಷ್ಟೋ ವರ್ಷ ತಪಸ್ಸುಕಾಲ (ಈಸ್ಟರಿಗೆ ಮೊದಲಿನ ಉಪವಾಸದ ದಿನಗಳು) ಅಥವಾ ಈಸ್ಟರ್ ವಾರದೊಳಗೆ ಸಿಕ್ಕಿಬೀಳುತ್ತದೆ. ಅವರ ಹಬ್ಬ ಅಕ್ಟೋಬರ್ 22, 1978ರಲ್ಲಿ ಪೋಪ್ ಆಗಿ ಸೇವೆ ಶುರು ಮಾಡಿದ ದಿನ. ಊರಿನ ಮಟ್ಟದಲ್ಲಿ ಇನ್ನೂ ಜಾಸ್ತಿ ಸಡಿಲ. ಕಾರ್ಕಳದ ಅತ್ತೂರಿನ ಸಂತ ಲಾರೆನ್ಸರ ದಿನ ಆಗಸ್ಟ್ 10, ಆದರೆ ಲಕ್ಷಗಟ್ಟಲೆ ಜನ ಸೇರುವ ಅಲ್ಲಿನ ಜಾತ್ರೆ ಜನವರಿಯಲ್ಲಿ. ಆಗಸ್ಟಿನ ಕರಾವಳಿ ಮಳೆಯಲ್ಲಿ ಅಷ್ಟು ಜನ ಮೈದಾನದಲ್ಲಿ ನಿಂತದ್ದನ್ನು ನೆನೆಸಿಕೊಳ್ಳಿ!

ನಿಮ್ಮ ಪಕ್ಕದ ಮನೆಯವರು ಹೇಳಿರಲಿಕ್ಕಿಲ್ಲ, ನಮ್ಮ ಕರಾವಳಿಯಲ್ಲಿ ಓಡಾಡಿದ ಸಂತರೊಬ್ಬರಿದ್ದಾರೆ. ಜೋಸೆಫ್ ವಾಜ್. ಗೋವಾದ ಬೆನಾವ್ಲಿಯಲ್ಲಿ 1651ರಲ್ಲಿ ಹುಟ್ಟಿದವರು. 1681ರಿಂದ 1684ರವರೆಗೆ ಕೆನರಾದಲ್ಲಿ ಪಾದ್ರಿಯಾಗಿದ್ದು, ಆಮೇಲೆ ಶ್ರೀಲಂಕಾಕ್ಕೆ ಹೋದರು. ಅಲ್ಲಿ ಕ್ಯಾಥೊಲಿಕ್ ಪಾದ್ರಿಗಳನ್ನು ನಿಷೇಧಿಸಿದ್ದ ಡಚ್ಚರ ಕಣ್ಣಿಗೆ ಬೀಳದ ಹಾಗೆ ವೇಷ ಮರೆಸಿಕೊಂಡು ಹೋಗಿದ್ದರು. ಕ್ಯಾಂಡಿಯಲ್ಲಿ ತೀರಿಕೊಂಡದ್ದು 1711ರ ಜನವರಿ 16ಕ್ಕೆ. ಪೋಪ್ ಫ್ರಾನ್ಸಿಸ್ ಕೊಲಂಬೊಕ್ಕೆ ಬಂದು ಅವರನ್ನು ಸಂತ ಎಂದು ಸಾರಿದ್ದು 2015ರ ಜನವರಿ 14ಕ್ಕೆ, ಹಬ್ಬಕ್ಕೆ ಇನ್ನೆರಡೇ ದಿನ ಇದ್ದಾಗ. ಕ್ಸೇವಿಯರರಿಗೆ ಸೇರುವಷ್ಟು ಜನ ಇವರ ಹಬ್ಬಕ್ಕೆ ನಮ್ಮಲ್ಲಿ ಸೇರುವುದಿಲ್ಲ. ನನಗೆ ಅದೊಂದು ಸಣ್ಣ ಬೇಜಾರು.

ಇನ್ನು ನೀವು ಕೇಳದೆ ಬಿಟ್ಟ ಪ್ರಶ್ನೆ: ನಾವೂ ಹೋಗಬಹುದಾ? ಧಾರಾಳವಾಗಿ. ಚಂದಾವರದ ಫೆಸ್ತಿಗೆ ಮೊದಲಿನಿಂದಲೂ ಎಲ್ಲ ಜಾತಿ-ಧರ್ಮದವರು ಬರುತ್ತಾರೆ. ಮೇಣದಬತ್ತಿ ಹಚ್ಚಿ, ಹರಕೆ ಇದ್ದರೆ ಹೇಳಿಕೊಳ್ಳಿ. ಪೂಜೆಯ ಕೊನೆಯ ಭಾಗದಲ್ಲಿ ಕೊಡುವ ಪರಮಪ್ರಸಾದ ಮಾತ್ರ ಕ್ಯಾಥೊಲಿಕರಿಗೆ, ಆಗ ಸಾಲಿನಲ್ಲಿ ನಿಲ್ಲದೆ ಕೂತಲ್ಲೇ ಕೂತಿರಿ. ಪಕ್ಕದ ಮನೆಯವರಿಗೆ 'ಹ್ಯಾಪಿ ಫೆಸ್ಟ್' ಅನ್ನಿ, ಸಂತಾಪ ಹೇಳಲಿಕ್ಕೆ ಹೋಗಬೇಡಿ. ಊಟಕ್ಕೆ ಕರೆದರೆ ಹೋಗಿ. ಮಾಂಸ ತಿನ್ನುವವರಲ್ಲದಿದ್ದರೆ ಮೊದಲೇ ಹೇಳಿಬಿಡಿ, 'ಸಣ್ಣ' (ಇಡ್ಲಿಯಂಥ ಅಕ್ಕಿ ತಿಂಡಿ) ಮತ್ತು ಕಾಯಿರಸ ಹೇಗೂ ಇರುತ್ತದೆ. ಆದರೆ ಸಣ್ಣದ ಹಿಟ್ಟಿಗೆ ಶೇಂದಿ ಹಾಕಿ ಹುದುಗಿಸುವ ಮನೆಗಳಿವೆ. ಅದನ್ನೂ ಒಂದು ಮಾತು ಕೇಳಿಕೊಳ್ಳಿ.