ಜೆಸಿಬಿ ಬರುವ ಮೊದಲು ಫರಸಿ ಎತ್ತಿಸಿ

ಕಲಬುರಗಿಯ ಹಳೆಯ ಬಡಾವಣೆಗಳಲ್ಲಿ ಮನೆ ಕೆಡವಿ ಹೊಸದನ್ನು ಕಟ್ಟಿಸುವವರು ನನ್ನಂತಹ ಕಟ್ಟಡ ಎಂಜಿನಿಯರರನ್ನು ಕರೆಯುವುದು ಬಹುಮಟ್ಟಿಗೆ ಜಾಗ ಖಾಲಿಯಾದ ಮೇಲೆಯೇ. ಅಷ್ಟರಲ್ಲಿ ಕಬ್ಬಿಣವನ್ನೂ ಸಾಗವಾನಿ ಬಾಗಿಲುಗಳನ್ನೂ ಗುತ್ತಿಗೆದಾರರು ಮಾರಾಟಕ್ಕೆ ಒಯ್ದಿರುತ್ತಾರೆ. ದಶಕಗಳ ಕಾಲ ತುಳಿತಕ್ಕೆ ಜಗ್ಗದೆ ಉಳಿದಿದ್ದ ಶಹಾಬಾದ್ ಫರಸಿ, ಅಂದರೆ ನೆಲಕ್ಕೆ ಹಾಸಿದ ಚಪ್ಪಡಿ ಕಲ್ಲು ಮಾತ್ರ, ಜೆಸಿಬಿಯ ಹಲ್ಲಿಗೆ ಸಿಕ್ಕಿ ಚೂರಾಗಿ, ಮಣ್ಣಿನೊಂದಿಗೆ ಟ್ರ್ಯಾಕ್ಟರ್ ಏರಿರುತ್ತದೆ. ಇದು ನನಗೆ ನಿಜಕ್ಕೂ ಸಂಕಟ ತರುವ ನಷ್ಟ.

ಫರಸಿ ನಮ್ಮ ಜಿಲ್ಲೆಯದೇ ಸುಣ್ಣಕಲ್ಲು. ಸಿಮೆಂಟ್ ತಯಾರಿಸಲು ಸುಣ್ಣಕಲ್ಲನ್ನು ಸುಮಾರು 1,450 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಡಬೇಕು. ಪದರು ಪದರಾಗಿ ಏಳುವ ಫರಸಿಗೆ ಆ ಬೆಂಕಿಯ ಹಂಗಿಲ್ಲ, ಎರಡನೆಯ ಬಾರಿ ಬಳಸಿದರೆ ಗಣಿಯ ಹಂಗೂ ಇಲ್ಲ.

ಕಲ್ಲು ಇಡಿಯಾಗಿ ಏಳುತ್ತದೆಯೇ ಎಂಬುದನ್ನು ಅದರ ಕೆಳಗಿನ ಗಾರೆ ನಿರ್ಧರಿಸುತ್ತದೆ. ಸುಣ್ಣದ ಗಚ್ಚು ಕಲ್ಲಿಗಿಂತ ಮೆದುವಾದ್ದರಿಂದ, ಗೌಂಡಿಯು ಗೋಡೆಯಂಚಿನ ಒಂದು ಕಲ್ಲನ್ನು ಬಿಡಿಸಿ, ಆ ತೆರವಿನಿಂದ ಹಾರೆಯನ್ನು ಅಡ್ಡಲಾಗಿ ತೂರಿಸಿ ಮೆಲ್ಲನೆ ಮೀಟಿದರೆ, ಉಳಿದವು ಒಂದೊಂದಾಗಿ ಸಡಿಲುತ್ತವೆ. ಸಿಮೆಂಟಿನ ಮೇಲೆ ಕೂರಿಸಿದ್ದರೆ ಹಲವು ಕಲ್ಲುಗಳು ಮುರಿಯುತ್ತವೆ. ಎತ್ತಿದ ಕಲ್ಲನ್ನು ನಿಲ್ಲಿಸಿ ಸಣ್ಣ ಸುತ್ತಿಗೆಯಿಂದ ತಟ್ಟಿದಾಗ ಕಂಚಿನಂತೆ ನಾದ ಬಂದರೆ ಅದು ಗಟ್ಟಿ. ಮಂದ ಸದ್ದು ಬಂದರೆ ಒಳಗೆ ಬಿರುಕಿದೆ ಅಥವಾ ಪದರು ಬಿಟ್ಟಿದೆ ಎಂದು ತಿಳಿಯಬೇಕು. ಮೇಲ್ಮೈ ಸವೆದ ಕಲ್ಲನ್ನು ಪಾಲಿಶ್ ಮಾಡಿಸಬಹುದು, ಇಲ್ಲವೇ ತಿರುವಿ ಹಾಸಬಹುದು. ಬಚ್ಚಲಿನ ಬಳಿ ಉಪ್ಪುಗಟ್ಟಿದ ಕಲ್ಲನ್ನು ನಾನು ಮನೆಯೊಳಕ್ಕೆ ಒಪ್ಪುವುದಿಲ್ಲ. ಅದು ಅಂಗಳಕ್ಕೆ ಸಾಕು.

ಮುರಿದ ಕಾಂಕ್ರೀಟಿಗೂ ಬಳಕೆಯಿದೆ. ಭಾರತೀಯ ಮಾನಕ ಐಎಸ್ 383ರ 2016ರ ಆವೃತ್ತಿಯು ಹಳೆಯ ಕಾಂಕ್ರೀಟಿನಿಂದ ತಯಾರಿಸಿದ ಜಲ್ಲಿಯನ್ನು ಎಂ 25 ಎಂಬ ಬಲದ ದರ್ಜೆಯವರೆಗಿನ ಕಬ್ಬಿಣದ ಕಾಂಕ್ರೀಟಿನಲ್ಲಿ ಒಟ್ಟು ಜಲ್ಲಿಯ ಶೇ 20ರವರೆಗೆ ಬಳಸಲು ಅನುಮತಿಸುತ್ತದೆ. ಆದರೆ ಮನೆಯಂಗಳದಲ್ಲಿ ಸುತ್ತಿಗೆಯಿಂದ ಒಡೆದ ಚೂರುಗಳು ಆ ಮಾನಕದ ಪರೀಕ್ಷೆಗೆ ಒಳಪಟ್ಟಿರುವುದಿಲ್ಲವಾದ್ದರಿಂದ, ಅವನ್ನು ನೆಲ ತುಂಬಲು ಮಾತ್ರ ಬಳಸಿರಿ. ಛತ್ತಿಗೆ, ಅಂದರೆ ಮೇಲ್ಛಾವಣಿಗೆ, ಖಂಡಿತ ಬೇಡ.

ಫರಸಿ ಎತ್ತಿಸಲು ಗೌಂಡಿಯ ಕೂಲಿ ಹೆಚ್ಚಾಗುತ್ತದೆ ನಿಜ. ಆ ಮೊತ್ತವನ್ನು ಅಷ್ಟೇ ಅಳತೆಯ ಹೊಸ ಕಲ್ಲಿನ ಬೆಲೆ, ಸಾಗಣೆ ಮತ್ತು ಅವಶೇಷ ಸಾಗಿಸುವ ಬಾಡಿಗೆಯೊಂದಿಗೆ ಹೋಲಿಸಿ ನೋಡಿ, ಕೆಡವುವ ಕರಾರಿನಲ್ಲಿಯೇ ಈ ಕೆಲಸವನ್ನು ಪ್ರತ್ಯೇಕವಾಗಿ ಬರೆಸಿರಿ.