ಒಣಕೊಂಬೆಗೂ ಬಾಡಿಗೆದಾರರಿದ್ದಾರೆ

ಮಾರ್ಚ್ ಬಂತೆಂದರೆ ಶಿವಮೊಗ್ಗದ ಗಾಂಧಿ ಪಾರ್ಕಿನಂಥ ಜಾಗಗಳಲ್ಲಿ ಬೆಳಿಗ್ಗೆ ವಾಕಿಂಗ್ ಹೋಗುವವರ ಕಿವಿಗೆ ಒಂದು ಸದ್ದು ಬಿದ್ದೇ ಬೀಳುತ್ತದೆ. ಟುಕ್, ಟುಕ್, ಟುಕ್. ನಿಮಿಷಕ್ಕೆ ನೂರಕ್ಕೂ ಜಾಸ್ತಿ ಸಲ. ಅದು ಕಂಚುಗಾರ ಹಕ್ಕಿ. ಗುಬ್ಬಚ್ಚಿಗಿಂತ ತುಸು ದಪ್ಪ, ಹಸಿರು ಮೈ, ಹಣೆಯಲ್ಲೂ ಎದೆಯಲ್ಲೂ ಕೆಂಪು. ಕೂಗುವಾಗ ಕೊಕ್ಕು ತೆರೆಯುವುದಿಲ್ಲ, ಗಂಟಲು ಮಾತ್ರ ಉಬ್ಬುತ್ತದೆ. ಜೊತೆಗೆ ತಲೆಯನ್ನು ಅತ್ತಿತ್ತ ತಿರುಗಿಸುತ್ತದೆ. ಹಾಗಾಗಿ ಸದ್ದು ಯಾವ ಕಡೆಯದು ಅಂತಲೇ ತಿಳಿಯುವುದಿಲ್ಲ.

ಹುಡುಕಬೇಕಾದ್ದು ಎಲೆಗಳ ನಡುವೆ ಅಲ್ಲ, ಒಣಗಿದ ಕೊಂಬೆಯಲ್ಲಿ. ಮರಕುಟಿಗನಿಗೆ ಇರುವಂಥ ಗಟ್ಟಿ ಕೊಕ್ಕು ಇದಕ್ಕಿಲ್ಲ. ಇದರ ದೊಡ್ಡ ನೆಂಟ, ಮಲೆನಾಡಿನ ಕುಟ್ರುಹಕ್ಕಿಯ ಪಾಡೂ ಅಷ್ಟೇ. ಶಿಲೀಂಧ್ರ ಹಿಡಿದು ಮೆತ್ತಗಾದ ಮರವೇ ಇವಕ್ಕೆ ಬೇಕು. ಕುಟ್ರುಹಕ್ಕಿ ಒಂದು ಪೊಟರೆ ಕೊರೆಯಲು ಸುಮಾರು 20 ದಿನ ಹಿಡಿಯುತ್ತದೆ. ಕಂಚುಗಾರ ಹಕ್ಕಿ ಓರೆಯಾದ ಕೊಂಬೆಯ ಕೆಳಮೈಗೆ ಬಾಗಿಲು ಇಡುವುದು ಜಾಸ್ತಿ. ಮಳೆ ನೀರು ಒಳಗೆ ಇಳಿಯುವುದಿಲ್ಲ ಅಲ್ವಾ! ಮರದ ಬುಡದಲ್ಲಿ ಹೊಸ ಮರದ ಪುಡಿ ಬಿದ್ದಿದ್ದರೆ ಸುಮ್ನೆ ಕತ್ತೆತ್ತಿ ನೋಡಿ. ಗುಂಡಗೆ ಕಡೆದಂಥ ತೂತು, ಅದರಲ್ಲಿ ಮೀಸೆಯಂಥ ಗಡುಸು ಕೂದಲಿರುವ ಒಂದು ಮೂತಿ ಕಾಣಬಹುದು.

ಒಳಗೆ ಹುಲ್ಲಿಲ್ಲ, ಹತ್ತಿಯಿಲ್ಲ. ಬಿಳಿ ಮೊಟ್ಟೆಗಳು ಮರದ ಚೂರಿನ ಮೇಲೇ ಇರುತ್ತವೆ. ಕತ್ತಲಲ್ಲಿ ಯಾರ ಕಣ್ಣಿಗೂ ಬೀಳದ ಮೊಟ್ಟೆಗೆ ಚುಕ್ಕಿ, ಬಣ್ಣ ಯಾಕೆ ಬೇಕು? ಗಂಡು, ಹೆಣ್ಣು ಎರಡೂ ಕಾವು ಕೂರುತ್ತವೆ. ಕುಟ್ರುಹಕ್ಕಿಯ ಮೊಟ್ಟೆ ಒಡೆಯಲು ಎರಡು ವಾರ, ಮರಿ ಹಾರಲು ಮತ್ತೆ ಐದು ವಾರ ಬೇಕು. ಅಪ್ಪ ಅಮ್ಮ ತಿನ್ನುವುದು ಹೆಚ್ಚಾಗಿ ಆಲ, ಅತ್ತಿ, ಗೋಣಿ ಹಣ್ಣು. ಆದರೆ ಎಳೆ ಮರಿಗೆ ಹುಳ ಹುಪ್ಪಟೆಯನ್ನೂ ತಂದುಕೊಡುತ್ತವೆ. ಮೈ ಬೆಳೆಯಲು ಪ್ರೋಟೀನ್ ಬೇಕಲ್ಲ.

ಎಲ್ಲ ಹಕ್ಕಿಗೂ ಬೇಸಿಗೆಯೇ ಬಾಣಂತನದ ಕಾಲ ಅಂದುಕೊಳ್ಳಬೇಡಿ. ತೀರ್ಥಹಳ್ಳಿ ರಸ್ತೆಯ ಮಂಡಗದ್ದೆಯಲ್ಲಿ ಬೆಳ್ಳಕ್ಕಿಗಳು ಗೂಡು ಕಟ್ಟುವುದು ತುಂಗೆ ತುಂಬಿ ಹರಿಯುವಾಗ. ಗೀಜಗನೂ ಮಳೆಗೇ ಕಾಯುತ್ತದೆ. ಮರಿಗೆ ಊಟ ಯಾವಾಗ ಸಿಗುತ್ತದೋ ಆಗಲೇ ಸಂಸಾರ.

ಕುಟ್ರುಹಕ್ಕಿ ಬಿಟ್ಟುಹೋದ ಪೊಟರೆ ಖಾಲಿ ಉಳಿಯುವುದು ಕಡಿಮೆ. ಮಡಿವಾಳ ಹಕ್ಕಿ, ಮೈನಾಗಳಿಗೆ ಕೊರೆಯಲು ಬರುವುದಿಲ್ಲ, ಇಂಥ ಹಳೇ ಮನೆಯೇ ಗತಿ. ಕೆಲವೊಮ್ಮೆ ಮಾಲೀಕ ಇರುವಾಗಲೇ ಜಗಳ ತೆಗೆದು ಒಳನುಗ್ಗುವುದೂ ಉಂಟು. ನೋಡಲು ಮಜಾ ಇದೇ, ನನ್ನ ಪ್ರಕಾರ. ಬೆಂಚಿನ ಮೇಲೆ ಕೂತು ದೂರದಿಂದ ನೋಡಿದರೆ ಸಾಕು. ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ಕರೆಯಬೇಡಿ. ಎದುರಾಳಿ ಬಂತೆಂದು ಅದು ಗೂಡು ಬಿಟ್ಟು ಹುಡುಕಾಡುತ್ತದೆ.

ತೊಂದರೆ ಇರುವುದು ಕೊಡಲಿಯ ವೇಳಾಪಟ್ಟಿಯಲ್ಲಿ. ಮಳೆಗಾಲಕ್ಕೆ ಮೊದಲು, ಏಪ್ರಿಲ್–ಮೇನಲ್ಲಿ ಒಣಕೊಂಬೆ ಸವರುವುದು ನಮ್ಮ ಊರುಗಳ ರೂಢಿ. ಗೂಡಿನ ತುಂಬ ಮರಿ ಇರುವುದೂ ಆಗಲೇ. ದಾರಿಯ ಮೇಲೆ ಬೀಳುವಂಥದ್ದನ್ನು ಕಡಿಯಲೇಬೇಕು, ಒಪ್ಪೋಣ. ಹುಲ್ಲಿನ ಮೇಲೆ ಚಾಚಿರುವುದನ್ನು ಯಾಕೆ? ಕಡಿಯುವುದೇ ಆದರೆ ಸೆಪ್ಟೆಂಬರ್, ಅಕ್ಟೋಬರ್ ಇದೆ. ಆಗ ಕುಟ್ರುಹಕ್ಕಿಯ ಗೂಡಿನಲ್ಲಿ ಮರಿ ಇರುವುದು ಕಡಿಮೆ.